ಕಿವಿಯೊಳಗಿನ ಯುದ್ಧ: ವಾರ್‌ಗೇಮ್ ಆಡಿಯೋ ಡ್ರಾಮಾಗಳಿಗೆ ದುಡ್ಡು ಹಾಕಬಹುದಾ?

ಗೊತ್ತಿಲ್ಲದವರಿಗೆ ಎರಡು ಮಾತು. ಟೇಬಲ್‌ಟಾಪ್ ವಾರ್‌ಗೇಮ್ ಅಂದರೆ ಮೇಜಿನ ಮೇಲೆ ಪುಟಾಣಿ ಸೈನಿಕರನ್ನು ನಿಲ್ಲಿಸಿ, ಟೇಪ್ ಹಿಡಿದು ದೂರ ಅಳೆದು, ದಾಳ ಉರುಳಿಸಿ ಆಡುವ ಯುದ್ಧದ ಆಟ. ಇವುಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿಯ ವಾರ್‌ಹ್ಯಾಮರ್. 1983ರಲ್ಲಿ ಕುಬ್ಜರು, ಎಲ್ಫ್‌ಗಳು, ಓರ್ಕ್‌ಗಳ ಮಾಂತ್ರಿಕ ಲೋಕವಾಗಿ ಶುರುವಾಯಿತು. 1987ರಲ್ಲಿ ಅದೇ ಕಥೆಯನ್ನು ಅಂತರಿಕ್ಷಕ್ಕೆ ಎತ್ತಿಕೊಂಡು ಹೋದ ವಾರ್‌ಹ್ಯಾಮರ್ 40,000 ಬಂತು. ಆ ಕಂಪನಿಯದೇ ಪ್ರಕಾಶನ ಬ್ಲ್ಯಾಕ್ ಲೈಬ್ರರಿ. ಅದು ಈ ಲೋಕಗಳ ಕಾದಂಬರಿಗಳ ಜೊತೆಗೆ ಆಡಿಯೋ ಡ್ರಾಮಾಗಳನ್ನೂ ಹೊರತಂದಿದೆ. ಇವು ಒಬ್ಬರು ಓದಿ ಹೇಳುವ ಆಡಿಯೋ ಪುಸ್ತಕಗಳಲ್ಲ. ಹಲವು ನಟರು, ಸಂಗೀತ, ಕತ್ತಿ-ಬಂದೂಕಿನ ಸದ್ದು ಎಲ್ಲ ಇರುವ ಕೇಳು ನಾಟಕಗಳು. ಬೆಂಗಳೂರಿನಲ್ಲಿ ಒಂದೇ ಮೇಜಿನ ಎರಡು ಕಡೆ ಕೂತು ಆಡುವ ನಾವಿಬ್ಬರು ಇವುಗಳ ವಿಷಯಕ್ಕೆ ಮಾತ್ರ ಯಾವತ್ತೂ ಒಪ್ಪಿಲ್ಲ. ಹಾಗಾಗಿ ಇಬ್ಬರೂ ಬರೆದಿದ್ದೇವೆ.

ಪರ: ಕಣ್ಣು, ಕೈ ಎರಡೂ ಕೆಲಸದಲ್ಲಿವೆ. ಕಿವಿ ಖಾಲಿ ಇದೆ

ಈ ಹವ್ಯಾಸದಲ್ಲಿ ಆಡುವ ಹೊತ್ತು ಕಮ್ಮಿ, ಬಣ್ಣ ಹಚ್ಚುವ ಹೊತ್ತು ಜಾಸ್ತಿ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ಸೈನಿಕರು ಬಣ್ಣ ಹಚ್ಚಿಕೊಂಡು ಬರುವುದಿಲ್ಲ. ಬಿಡಿ ಭಾಗಗಳಾಗಿ ಬರುತ್ತಾರೆ. ಕತ್ತರಿಸಬೇಕು, ಅಂಟಿಸಬೇಕು, ಪ್ರೈಮರ್ ಹೊಡೆಯಬೇಕು. ಬೆಂಗಳೂರಿನ ಮಳೆಗಾಲದಲ್ಲಿ ಆ ಪ್ರೈಮರ್ ಸರಿಯಾಗಿ ಕೂರುವುದೇ ಒಂದು ಪುಣ್ಯ. ಆಮೇಲೆ ಅಡಿಬಣ್ಣ, ನೆರಳು, ಅಂಚಿನ ಮಿಂಚು. ಹತ್ತು ಜನರ ಒಂದು ತುಕಡಿ ಮುಗಿಯುವಷ್ಟರಲ್ಲಿ ಎಷ್ಟೋ ಸಂಜೆಗಳು ಹೋಗಿರುತ್ತವೆ. ಆ ಹೊತ್ತಿನಲ್ಲಿ ಪುಸ್ತಕ ಓದಲು ಆಗುವುದಿಲ್ಲ, ಸಿನಿಮಾ ನೋಡಲೂ ಆಗುವುದಿಲ್ಲ. ಕಣ್ಣಿನ ರೆಪ್ಪೆಗಿಂತ ಸಣ್ಣ ಗೆರೆ ಎಳೆಯುವಾಗ ಕಣ್ಣು ಬೇರೆ ಕಡೆ ಹೋದರೆ ಕೆಲಸ ಕೆಟ್ಟಿತು. ಆಗ ಕೇಳಬಹುದು, ಅಷ್ಟೇ. ನೀವು ಹಿಡಿದಿರುವ ಬೊಂಬೆಯದೇ ಪಡೆ ಕಿವಿಯಲ್ಲಿ ಮಾತಾಡುತ್ತಿದ್ದರೆ ಬ್ರಶ್ ಇನ್ನೊಂದು ಗಂಟೆ ಕೆಳಗಿಳಿಯುವುದಿಲ್ಲ.

ಹಾಡು ಕೇಳಿದರೆ ಸಾಲದಾ ಅಂತ ಕೇಳುತ್ತಾರೆ. ಸಾಲದು. ಆಟದ ಮೇಜಿನ ಮೇಲೆ ನಮ್ಮ ಸೈನಿಕನಿಗೆ ಹೆಸರಿಲ್ಲ. ದಾಳದಲ್ಲಿ ಒಂದು ಬಿತ್ತು, ಎತ್ತಿ ಪಕ್ಕಕ್ಕಿಟ್ಟೆವು, ಅವನ ಕಥೆ ಮುಗಿಯಿತು. ಅವನು ಯಾಕೆ ಅಲ್ಲಿ ನಿಂತಿದ್ದ, ಯಾರಿಗೆ ಹೆದರಿದ್ದ ಅನ್ನುವುದನ್ನು ನಿಯಮದ ಪುಸ್ತಕ ಹೇಳುವುದಿಲ್ಲ. ಅವನಿಗೆ ಒಂದು ಗಂಟಲು ಸಿಗುವುದು ನಾಟಕದಲ್ಲಿ.

ಗಂಟಲು ಅಂದಾಗ ಗೊಟ್ರೆಕ್ ವಿಷಯ ಬರಲೇಬೇಕು. ವಾರ್‌ಹ್ಯಾಮರ್‌ನ ಫ್ಯಾಂಟಸಿ ಲೋಕದಲ್ಲಿ ಗೊಟ್ರೆಕ್ ಗುರ್ನಿಸನ್ ಒಬ್ಬ ಕುಬ್ಜ. ಮಾಡಿದ ಯಾವುದೋ ತಪ್ಪಿನ ನಾಚಿಕೆಗೆ ತಲೆ ಬೋಳಿಸಿ ನಡುವೆ ಒಂದು ಜುಟ್ಟು ನಿಲ್ಲಿಸಿಕೊಂಡು, ದೊಡ್ಡ ರಾಕ್ಷಸನ ಕೈಯಲ್ಲಿ ವೀರಮರಣ ಪಡೆಯಲು ಹೊರಟವನು. ತೊಂದರೆ ಏನೆಂದರೆ ಅವನನ್ನು ಕೊಲ್ಲುವಷ್ಟು ಗಟ್ಟಿಯಾದ ರಾಕ್ಷಸ ಸಿಗುತ್ತಲೇ ಇಲ್ಲ. ಅವನ ಸಾವಿನ ಬಗ್ಗೆ ಕಾವ್ಯ ಬರೆಯುತ್ತೇನೆ ಅಂತ ಕುಡಿದ ಅಮಲಿನಲ್ಲಿ ಮಾತು ಕೊಟ್ಟು ಸಿಕ್ಕಿಬಿದ್ದ ಕವಿ ಫೀಲಿಕ್ಸ್. ಈ ಜೋಡಿಯನ್ನು ಹುಟ್ಟಿಸಿದವರು ವಿಲಿಯಂ ಕಿಂಗ್. 2018ರಲ್ಲಿ ಬಂದ 'ರೆಲ್ಮ್‌ಸ್ಲೇಯರ್' ಆಡಿಯೋ ಡ್ರಾಮಾದಲ್ಲಿ ಗೊಟ್ರೆಕ್‌ನ ದನಿ ಬ್ರಿಟಿಷ್ ನಟ ಬ್ರಯನ್ ಬ್ಲೆಸೆಡ್ ಅವರದು. ಆಗ ಅವರಿಗೆ ಎಂಬತ್ತು ದಾಟಿತ್ತು. ಆ ದನಿಯಲ್ಲಿ ಗುಡುಗಿದೆ, ಸಿಟ್ಟಿದೆ. ಗೊಟ್ರೆಕ್‌ಗೆ ಗೊತ್ತಿದ್ದ ಲೋಕ ನಾಶವಾಗಿದೆ, ಫೀಲಿಕ್ಸ್ ಇಲ್ಲ, ಸುತ್ತ ಇರುವವರೆಲ್ಲ ಅಪರಿಚಿತರು. ಇದನ್ನು ಪುಟದ ಮೇಲೆ ಓದಿದರೆ 'ಅವನು ಗೊಣಗಿದ' ಅಂತ ಇರುತ್ತದೆ. ಇಲ್ಲಿ ಆ ಗೊಣಗಾಟವೇ ಎದೆಗೆ ಬಂದು ಕೂರುತ್ತದೆ. ವಯಸ್ಸಾದ ನಟನ ಉಸಿರು ಆ ಪಾತ್ರಕ್ಕೆ ಏನು ಕೊಡುತ್ತದೆ ಅನ್ನುವುದನ್ನು ಯಾವ ಬರವಣಿಗೆಯೂ ಕೊಡಲಾರದು.

ಮಾತಿನಲ್ಲೇ ಯುದ್ಧ ಕಟ್ಟುವುದು ನಮಗೇನೂ ಹೊಸದಲ್ಲ. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ರಂಗದ ಮೇಲೆ ಬಾಣವೂ ಇಲ್ಲ. ಭಾಗವತರು, ಚೆಂಡೆ ಮದ್ದಳೆ, ಸಾಲಾಗಿ ಕೂತ ಅರ್ಥಧಾರಿಗಳು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕ್ಯಾಸೆಟ್ಟಿನಲ್ಲಿ ಕೇಳಿದವರಿಗೂ ಬಾಣ ತಿಂದು ಬಿದ್ದವನ ನೋವು ಮುಟ್ಟಿದೆ. ಒಳ್ಳೆಯ ಆಡಿಯೋ ಡ್ರಾಮಾ ಕೂಡ ಹೀಗೇ. ಯುದ್ಧಕ್ಕೆ ಮುಂಚಿನ ವಾದ, ಸೋತ ಮೇಲಿನ ಲೆಕ್ಕಾಚಾರ, ಸಾಯುವವನ ಕಡೆಯ ಪ್ರಶ್ನೆ. ಇವು ಇರುವ ಡ್ರಾಮಾ ಕೊಳ್ಳಿ.

ಎಪ್ಪತ್ತು-ಎಂಬತ್ತು ನಿಮಿಷ ತುಂಬಾ ಕಮ್ಮಿ ಆಯಿತು ಅಂತ ದೂರು ಇದೆ. ಹಳೆಯ ಸಿಡಿಗಳಲ್ಲಿ ಬಂದ ಹೆಚ್ಚಿನವು ಒಂದು ಸಿಡಿಯ ಅಳತೆಯವೇ. ನನಗೆ ಅದೇ ಅನುಕೂಲ. ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗಿನ ಮೆಟ್ರೋ ನೇರಳೆ ಮಾರ್ಗ 43 ಕಿಲೋಮೀಟರ್ ದಾಟುತ್ತದೆ. ಈ ತುದಿಯಿಂದ ಆ ತುದಿಗೆ ಹೋದರೆ ಒಂದು ನಾಟಕ ಮುಗಿಯುತ್ತದೆ. ಮೆಜೆಸ್ಟಿಕ್‌ನಲ್ಲಿ ನೂಕುನುಗ್ಗಲು ಶುರುವಾದಾಗ ಕಿವಿಯಲ್ಲೂ ಓರ್ಕ್‌ಗಳು ನುಗ್ಗಿದರೆ ಅದೊಂದು ಬೇರೆಯೇ ಮಜಾ. ಹನ್ನೆರಡು ಗಂಟೆಯ ಕಾದಂಬರಿಯನ್ನು ತುಂಡು ತುಂಡಾಗಿ ಕೇಳುವಾಗ ಹಿಂದಿನ ವಾರ ಯಾರು ಯಾರನ್ನು ಕೊಂದರು ಅನ್ನುವುದೇ ಮರೆತುಹೋಗಿರುತ್ತದೆ.

ದುಡ್ಡಿನ ಮಾತು ಕಡೆಗೆ ಬರುತ್ತದೆ. ಒಂದು ಪೆಟ್ಟಿಗೆ ಸೈನಿಕರಿಗೆ ಕೆಲವು ಸಾವಿರ ರೂಪಾಯಿ ಮರುಮಾತಿಲ್ಲದೆ ಕೊಡುತ್ತೇವೆ. ಅದರಲ್ಲಿ ಅರ್ಧ ಪೆಟ್ಟಿಗೆಗಳು ಅಟ್ಟದ ಮೇಲೆ ಬಿಚ್ಚದೇ ಕೂತಿರುತ್ತವೆ, ಅಲ್ವಾ? ಅಂಥವರು ನಟರು, ಸದ್ದು ಕೂಡಿಸುವವರು, ಸಂಗೀತದವರು ಸೇರಿ ಮಾಡಿದ ಒಂದು ನಾಟಕದ ಬೆಲೆಗೆ ಹುಬ್ಬೇರಿಸುವುದು ನನಗೆ ಅರ್ಥವಾಗುವುದಿಲ್ಲ. ಮೊದಲ ಕೆಲವು ನಿಮಿಷದ ಮಾದರಿ ಸುಮ್ನೆ ಸಿಗುತ್ತದೆ. ಕೇಳಿ. ಅಷ್ಟರಲ್ಲೇ ನಾಲ್ಕು ಸ್ಫೋಟ ಆಗಿ, ಯಾರು ಮಾತಾಡುತ್ತಿದ್ದಾರೆ ಅಂತ ಗೊತ್ತಾಗದಿದ್ದರೆ ಬಿಡಿ. ಇಬ್ಬರು ಕೂತು ಜಗಳ ಆಡುತ್ತಿದ್ದರೆ ತೊಗೊಳ್ಳಿ.

ವಿರೋಧ: ಸದ್ದಿಗೆ ದುಡ್ಡು, ಕಥೆ ಪುಸ್ತಕದಲ್ಲಿ

ಗೆಳೆಯ ತಾಳಮದ್ದಲೆಯನ್ನು ಎಳೆದು ತಂದಿದ್ದಾನೆ. ಒಳ್ಳೆಯದಾಯಿತು, ನನ್ನ ಕೆಲಸ ಸುಲಭವಾಯಿತು. ತಾಳಮದ್ದಲೆ ಕೇಳಲು ಕೂತವನಿಗೆ ವಾಲಿ ಯಾರು, ಸುಗ್ರೀವ ಯಾರು ಅಂತ ಯಾರೂ ಹೇಳಿಕೊಡಬೇಕಿಲ್ಲ. ಕಥೆ ಮನೆಯದು. ಹಾಗಾಗಿ ಕಿವಿ ಪೂರ್ತಿ ವಾದದ ಮೇಲೆ ಇರುತ್ತದೆ. ಇಲ್ಲಿ ಹಾಗಲ್ಲ. ವಾರ್‌ಹ್ಯಾಮರ್ 40,000ದ ಹಿಂದಿನ ಕಥೆ ಹೇಳುವ ಹೋರಸ್ ಹೆರೆಸಿ ಸರಣಿ 2006ರಲ್ಲಿ ಶುರುವಾಗಿ 54 ಪುಸ್ತಕಗಳಿಗೆ ಬೆಳೆಯಿತು. ಅದರ ಮೇಲೆ ಭೂಮಿಯ ಮುತ್ತಿಗೆಯ ಬೇರೆ ಸರಣಿ. ಆಡಿಯೋ ಡ್ರಾಮಾಗಳು ಹೆಚ್ಚಾಗಿ ಈ ರಾಶಿಯ ಸಂದುಗಳಲ್ಲಿ ತುರುಕಿದ ಕಥೆಗಳು. ಯಾವ ಪಡೆ ಯಾರ ಕಡೆ, ಯಾವ ಅಣ್ಣ ಯಾವ ತಮ್ಮನಿಗೆ ಮೋಸ ಮಾಡಿದ ಅನ್ನುವುದು ಗೊತ್ತಿಲ್ಲದಿದ್ದರೆ ತಲೆಬುಡ ಸಿಗುವುದಿಲ್ಲ. ಗೊತ್ತಿದ್ದವರಿಗೆ ಆ ಕಥೆಯಿಂದ ಸಿಗುವುದು ಸ್ವಲ್ಪವೇ. ಹೊಸಬನಿಗೆ ಅರ್ಥವಾಗದ, ಹಳಬನಿಗೆ ಬೇಕಿಲ್ಲದ ಸರಕಿಗೆ ಯಾಕೆ ದುಡ್ಡು?

ಇನ್ನೊಂದು ಮಾತು. ತಾಳಮದ್ದಲೆಯಲ್ಲಿ ಬಾಣ ಬಿಡುವ ಸದ್ದು ಮಾಡುವುದಿಲ್ಲ. ಅದಕ್ಕೇ ಅದು ಚೆನ್ನಾಗಿದೆ. ವಾರ್‌ಗೇಮ್ ಡ್ರಾಮಾ ಮಾಡುವವರಿಗೆ ಆ ಸಂಯಮ ಇಟ್ಟುಕೊಳ್ಳುವುದು ಕಷ್ಟ, ಯಾಕೆಂದರೆ ಕೊಳ್ಳುವವನು ಬಂದೂಕಿನ ಆಟ ಆಡುವವನು. ಅವನಿಗೆ ಬಂದೂಕು ಕೇಳಿಸಲೇಬೇಕು. ಆದರೆ ಯುದ್ಧ ಕಣ್ಣಿನ ವಿಷಯ. ನಮ್ಮ ಮೇಜಿನ ಮೇಲೇ ನೋಡಿ: ಎಡಗಡೆ ಗುಡ್ಡ, ಬಲಗಡೆ ಪಾಳುಮನೆ, ನಡುವೆ ಎಷ್ಟು ಅಂಗುಲ, ಇದನ್ನೆಲ್ಲ ನೋಡಿಯೇ ಆಡುತ್ತೇವೆ. ಕಿವಿಗೆ ಎಡ ಬಲ ಬಿಟ್ಟು ಜಾಗ ಗೊತ್ತಾಗುವುದಿಲ್ಲ. ಹಾಗಾಗಿ ಪಾತ್ರಗಳೇ ವರದಿಗಾರರಾಗಬೇಕು. 'ನೋಡು, ಗೋಡೆಯ ಮೇಲಿಂದ ಬರುತ್ತಿದ್ದಾರೆ! ನಿನ್ನ ಹಿಂದೆ ಇನ್ನೂ ಮೂವರು!' ಸಾಯುವ ಹೊತ್ತಿನಲ್ಲಿ ಯಾರು ಹೀಗೆ ಮಾತಾಡುತ್ತಾರೆ? ಇದು ಬೇಡ ಅಂತ ನಿರೂಪಕನನ್ನು ತಂದರೆ, ಅವನು ಬಾಯಿ ಬಿಡುವಷ್ಟರಲ್ಲಿ ಹಿಂದೆ ಸ್ಫೋಟ. ಮೆಟ್ರೋ ಸಿಗದ ನಮ್ಮಂಥವರು ಹೊರವರ್ತುಲ ರಸ್ತೆಯಲ್ಲಿ ಬಿಎಂಟಿಸಿ ಬಸ್ಸಿನಲ್ಲಿ ಕೇಳಿ ನೋಡಬೇಕು. ಪಿಸುಮಾತು ಎಂಜಿನ್ ಸದ್ದಿನಲ್ಲಿ ಮುಳುಗುತ್ತದೆ. ವಾಲ್ಯೂಮ್ ಏರಿಸಿದ ಮರುಕ್ಷಣ ಫಿರಂಗಿ ಹಾರಿ ಕಿವಿ ಗುಂಯ್ ಅನ್ನುತ್ತದೆ.

ಲೆಕ್ಕಕ್ಕೆ ಬರೋಣ. ಆಡಿಯೋ ಪುಸ್ತಕ ಮಾರುವ ಆಡಿಬಲ್ ಥರದ ಕಡೆ ತಿಂಗಳ ಚಂದಾಕ್ಕೆ ಒಂದು ಕ್ರೆಡಿಟ್ ಕೊಡುತ್ತಾರೆ. ಆ ಕ್ರೆಡಿಟ್‌ಗೆ ಎಪ್ಪತ್ತೈದು ನಿಮಿಷದ ನಾಟಕವೂ ಬರುತ್ತದೆ, ಹನ್ನೆರಡು ಗಂಟೆಯ ಆಸುಪಾಸಿನ 'ಹೋರಸ್ ರೈಸಿಂಗ್' ಕಾದಂಬರಿಯೂ ಬರುತ್ತದೆ. ಬಣ್ಣ ಹಚ್ಚಲು ಎಷ್ಟೋ ಸಂಜೆ ಬೇಕು ಅಂದವನು ಗೆಳೆಯನೇ. ಅಷ್ಟು ಸಂಜೆಗೆ ಯಾವುದು ಆಗಿಬರುತ್ತದೆ? ಆ ಕಾದಂಬರಿ ಓದಿದವರು ಟೋಬಿ ಲಾಂಗ್‌ವರ್ತ್. ಒಬ್ಬರೇ ಎಷ್ಟು ಜನರ ದನಿ ಮಾಡುತ್ತಾರೆ! ಹಿಂದೆ ಸಂಗೀತವಿಲ್ಲ, ಗುಂಡಿನ ಸದ್ದಿಲ್ಲ, ಆದರೂ ರಣರಂಗ ಕಣ್ಣಿಗೆ ಕಟ್ಟುತ್ತದೆ. ಯಾಕೆಂದರೆ ಡಾನ್ ಆಬ್ನೆಟ್ ಅದನ್ನು ಬರೆದಿದ್ದಾರೆ. ಬರೆದ ವಾಕ್ಯ ಗುಡ್ಡವನ್ನೂ ತೋರಿಸುತ್ತದೆ, ಆ ಗುಡ್ಡ ಹತ್ತುವವನ ಮನಸ್ಸನ್ನೂ ತೋರಿಸುತ್ತದೆ.

ಕಾದರೆ ನಾಟಕದ ಕಥೆ ಪುಸ್ತಕದಲ್ಲೂ ಸಿಗುವುದುಂಟು. ಗ್ಯಾವ್ ಥಾರ್ಪ್ ಅವರ 'ರೇವನ್ಸ್ ಫ್ಲೈಟ್' 2010ರಲ್ಲಿ ಆಡಿಯೋ ಆಗಿ ಬಂತು. ಎರಡು ವರ್ಷದ ಮೇಲೆ 'ಶ್ಯಾಡೋಸ್ ಆಫ್ ಟ್ರೆಚರಿ' ಸಂಕಲನದಲ್ಲಿ ಅದೇ ಕಥೆ ಇನ್ನೂ ಹಲವು ಕಥೆಗಳ ಜೊತೆ ಅಚ್ಚಾಯಿತು. ಆಗ ಸಿಡಿ ಕೊಂಡವನ ಲ್ಯಾಪ್‌ಟಾಪ್‌ನಲ್ಲಿ ಈಗ ಸಿಡಿ ಹಾಕುವ ಜಾಗವೇ ಇಲ್ಲ.

ಬ್ರಯನ್ ಬ್ಲೆಸೆಡ್ ಬಗ್ಗೆ ನನ್ನದೂ ತಕರಾರಿಲ್ಲ. ಅವರು ದಿನಸಿ ಚೀಟಿ ಓದಿದರೂ ಕೇಳಬಹುದು. ಆದರೆ ಒಬ್ಬ ಬ್ಲೆಸೆಡ್‌ನನ್ನು ತೋರಿಸಿ ಇಡೀ ಅಂಗಡಿಯನ್ನು ಮಾರುವುದು ಸರಿಯಲ್ಲ. ಉಳಿದ ಎಷ್ಟೋ ನಾಟಕಗಳಲ್ಲಿ ಗಂಡು ಪಾತ್ರಗಳೆಲ್ಲ ಒಂದೇ ಥರ ಗಂಟಲು ಗಟ್ಟಿ ಮಾಡಿಕೊಂಡು ಮಾತಾಡುತ್ತಾರೆ. ಶಿರಸ್ತ್ರಾಣದೊಳಗಿಂದ ಮಾತಾಡುವಾಗ ಆ ದನಿಗೆ ಗರಗರ ಬೇರೆ ಸೇರಿಸುತ್ತಾರೆ. ಯಾರು ಸತ್ತರು, ಯಾರು ಉಳಿದರು ಅಂತ ಹೆಸರು ಕೂಗಿದಾಗಲೇ ಗೊತ್ತಾಗುವುದು. ಪುಸ್ತಕದಲ್ಲಾದರೆ ಎರಡು ಪುಟ ಹಿಂದೆ ಹೋಗಿ ನೋಡಬಹುದಿತ್ತು. ಇಂಗ್ಲೆಂಡಿನ ಯಾವ ಊರಿನ ಉಚ್ಚಾರಕ್ಕೆ ಅಲ್ಲಿನವರು ನಗುತ್ತಾರೆ ಅನ್ನುವುದು ಬೆಂಗಳೂರಿನ ಕಿವಿಗೆ ದಕ್ಕುವುದೂ ಕಷ್ಟ. ಗೊಟ್ರೆಕ್ ಮಂಡ್ಯದ ಕನ್ನಡದಲ್ಲಿ ಬೈದಿದ್ದರೆ ಮಾತು ಬೇರೆ. ಆ ನಾಟಕಕ್ಕೆ ನಾನೇ ಮೊದಲು ದುಡ್ಡು ಕೊಡುತ್ತಿದ್ದೆ!

ಕೇಳು ನಾಟಕವೇ ಬೇಕು ಅನ್ನುವವರಿಗೆ ದಾರಿ ಇಲ್ಲದೇ ಇಲ್ಲ. ಬಿಬಿಸಿ 1981ರಲ್ಲಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯನ್ನು ಅರ್ಧ ಗಂಟೆಯ 26 ಕಂತುಗಳ ರೇಡಿಯೋ ನಾಟಕ ಮಾಡಿತು. ಫ್ಯಾಂಟಸಿಯನ್ನು ಕಿವಿಗೆ ಹೇಗೆ ತರಬೇಕು ಅಂತ ಅದರಿಂದ ಕಲಿಯಬಹುದು. ಆತುರವಿಲ್ಲ, ಮಾತಿಗೆ ಜಾಗ ಇದೆ. ಅದು ಪೂರ್ತಿ ಒಂದು ಕಥೆ, ಇನ್ನೊಂದು ಪೆಟ್ಟಿಗೆ ಮಾರಲು ಹುಟ್ಟಿದ್ದಲ್ಲ. ಇತ್ತ ಆಕಾಶವಾಣಿಯ ಬಾನುಲಿ ನಾಟಕಗಳು ಮೊಬೈಲ್ ಆ್ಯಪ್‌ನಲ್ಲೇ ಪುಕ್ಕಟೆ ಬರುತ್ತವೆ. ದುಡ್ಡು ಕೊಡಲೇಬೇಕು ಅನ್ನಿಸಿದರೆ ಮೈಲ್ಯಾಂಗ್ ಆ್ಯಪ್‌ನಲ್ಲಿ ಕನ್ನಡದ ಆಡಿಯೋ ಪುಸ್ತಕಗಳಿವೆ. ಕುಬ್ಜರು ಇರುವುದಿಲ್ಲ, ನಿಜ.

ಪೆಟ್ಟಿಗೆ ಮಾರುವ ಮಾತು ಸುಮ್ನೆ ಹೇಳಲಿಲ್ಲ. ಗೊಟ್ರೆಕ್ ಓಡಾಡಿದ ಹಳೆಯ ಲೋಕವನ್ನು ಕಂಪನಿಯೇ ಕಥೆಯಲ್ಲಿ ನಾಶ ಮಾಡಿ, 2015ರಲ್ಲಿ ಏಜ್ ಆಫ್ ಸಿಗ್ಮಾರ್ ಅನ್ನುವ ಹೊಸ ಆಟ ತಂದಿತು. ಹಳೆಯ ಸೈನ್ಯ ಇಟ್ಟುಕೊಂಡವರು ಬಾಯಿ ಬಾಯಿ ಬಡಿದುಕೊಂಡರು. 2024ರಲ್ಲಿ ಅದೇ ಹಳೆಯ ಲೋಕ ಬೇರೆ ಪೆಟ್ಟಿಗೆಯಲ್ಲಿ ವಾಪಸ್ ಬಂತು. ಗೆಳೆಯನ ಎದೆ ಮುಟ್ಟಿದ ಆ ಒಂಟಿ ಕುಬ್ಜ ಒಂಟಿಯಾಗಿದ್ದು ಇದರಿಂದಲೇ. ಕಥೆಯ ಚುಕ್ಕಾಣಿ ಬೊಂಬೆ ಮಾರುವವರ ಕೈಯಲ್ಲಿರುವಾಗ ನಾಟಕವೂ ಆ ಕಡೆಗೇ ವಾಲುತ್ತದೆ. ಹೊಸ ತುಕಡಿ ಅಂಗಡಿಗೆ ಬಂದ ಹೊತ್ತಿಗೆ ಅದೇ ತುಕಡಿಯ ಶೌರ್ಯ ಕಿವಿಗೆ ಬಿದ್ದರೆ ಅದಕ್ಕೆ ಏನನ್ನಬೇಕು? ಜಾಹೀರಾತು ಟಿವಿಯಲ್ಲಿ ಬಂದರೆ ಚಾನೆಲ್ ಬದಲಿಸುತ್ತೇವೆ. ಇದಕ್ಕೆ ಕಾಸು ಕೊಟ್ಟು ಕೇಳಬೇಕಂತೆ.

ಗೆಳೆಯನಿಗೆ ನನ್ನ ಸಲಹೆ ಇಷ್ಟು. ಈ ತಿಂಗಳ ಕ್ರೆಡಿಟ್ 'ಐಸೆನ್‌ಹಾರ್ನ್' ಕಾದಂಬರಿಗಳ ಮೇಲೆ ಹಾಕು. ಬರೆದವರು ಅದೇ ಆಬ್ನೆಟ್, ಓದಿದವರು ಅದೇ ಲಾಂಗ್‌ವರ್ತ್. ವಿಚಾರಣೆ ಮಾಡುವ ಒಬ್ಬ ಅಧಿಕಾರಿ ಹೆಜ್ಜೆ ಹೆಜ್ಜೆಗೂ ತನ್ನ ನಿಯಮ ಮುರಿಯುತ್ತಾ ತಾನೇ ಅಪರಾಧಿಯಾಗುವ ಕಥೆ. ನೀನು ಕೇಳಿದ ವಾದ, ಜಗಳ ಎಲ್ಲ ಅದರಲ್ಲಿದೆ. ಮಿಕ್ಕ ದುಡ್ಡಿಗೆ ಒಂದು ಒಳ್ಳೆಯ ಬ್ರಶ್ ತೊಗೋ, ನಿನ್ನ ಓರ್ಕ್‌ಗಳ ಕಣ್ಣು ಇನ್ನೂ ಸೊಟ್ಟಗಿವೆ.