ಕೋಟೆಗೊಂದು ವಿನಾಯಿತಿ

ಕೆ.ಆರ್. ಮಾರ್ಕೆಟ್‌ನಲ್ಲಿ ಹೂವು ಕೊಂಡು ಬರುತ್ತಿದ್ದೆ. ಮೂವರು ಮಹನೀಯರು ಬೆಂಗಳೂರು ಕೋಟೆಯ ಗೋಡೆಗೆ ಮುಖ ಮಾಡಿ, ಧ್ಯಾನಕ್ಕೆ ನಿಂತ ಹಾಗೆ ನಿಂತಿದ್ದರು. ಇತಿಹಾಸಪ್ರಿಯರಿರಬೇಕು ಅಂದುಕೊಂಡೆ. ಹತ್ತಿರ ಹೋದ ಮೇಲೆ ಮೂಗಿಗೆ ವಿಷಯ ತಿಳಿಯಿತು.

1537ರಲ್ಲಿ ಕೆಂಪೇಗೌಡರು ಮಣ್ಣಿನಲ್ಲಿ ಕಟ್ಟಿದ್ದು, 1761ರಲ್ಲಿ ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ್ದು. ಆಮೇಲೆ ಬ್ರಿಟಿಷರು ಒಳಗೆ ಮದ್ದುಗುಂಡು ಪೇರಿಸಿಟ್ಟರು. ಅವರ ನಂತರ ಆಸ್ಪತ್ರೆ ಬಂತು, ಶಾಲೆ ಬಂತು, ರಸ್ತೆ ಬಂತು. ಈಗ ಉಳಿದಿರುವುದು ದೆಹಲಿ ಬಾಗಿಲು, ಒಳಗೊಬ್ಬ ಗಣಪತಿ, ಮತ್ತು ಮೇಲೆ ಹೇಳಿದ ಗೋಡೆ.

ಆ ಗೋಡೆಯಲ್ಲೊಂದು ಇಂಗ್ಲಿಷ್ ಕಲ್ಲುಫಲಕವಿದೆ. ಬ್ರಿಟಿಷರು ಒಳನುಗ್ಗಿದ ಕಂಡಿ ಇದೇ, 21 ಮಾರ್ಚ್ 1791 ಅಂತ. ಕಾರ್ನ್‌ವಾಲಿಸನ ಪಡೆ ಒಂದು ಕಂಡಿ ಕೊರೆದದ್ದಕ್ಕೇ ಇಷ್ಟು ಬಡಾಯಿ! ಮಿಕ್ಕ ಕೋಟೆಯನ್ನೆಲ್ಲ ಫಿರಂಗಿಯೇ ಇಲ್ಲದೆ, ಬರೀ ಫೈಲು ಪಿಕಾಸಿಯಲ್ಲಿ ಮಾಯ ಮಾಡಿದವರು ಒಂದು ಫಲಕವನ್ನೂ ಹಾಕಿಕೊಳ್ಳಲಿಲ್ಲ. ವಿನಯ ಅಂದರೆ ಅದು.

ಕಾನೂನಂತೂ ಬಲು ಬಿಗಿ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಮನೆ ಕಟ್ಟುವಂತಿಲ್ಲ. ಆದರೆ ಆ ಕಾನೂನಿನ 2010ರ ತಿದ್ದುಪಡಿಯಲ್ಲೇ ಒಂದು ವಿನಾಯಿತಿ ಇದೆ, ನಾನು ಕಣ್ಣುಜ್ಜಿಕೊಂಡು ಎರಡು ಸಲ ಓದಿದೆ: ಸಾರ್ವಜನಿಕ ಶೌಚಾಲಯ, ಮೂತ್ರಾಲಯ ಕಟ್ಟಿದರೆ ಅದು ನಿರ್ಮಾಣದ ಲೆಕ್ಕಕ್ಕೇ ಬರುವುದಿಲ್ಲ. ದೆಹಲಿಯಲ್ಲಿ ಕೂತವರಿಗೂ ನಮ್ಮ ದೆಹಲಿ ಬಾಗಿಲಿನ ಕಷ್ಟ ಗೊತ್ತಿತ್ತು ಅನ್ನಿ. ನಮ್ಮವರು ಮೂತ್ರಾಲಯವನ್ನು ಒಪ್ಪಿಕೊಂಡರು, ಕಟ್ಟುವ ಖರ್ಚನ್ನು ಮಾತ್ರ ಉಳಿಸಿದರು.

ನಗು ಇಲ್ಲಿಗೆ ಸಾಕು. ಬೆಳಗಿನ ಜಾವದಿಂದ ಅಲ್ಲಿ ಕೂತು ಹೂವು ಮಾರುವ ಹೆಂಗಸರು ಗೋಡೆ ಹುಡುಕಿಕೊಂಡು ಹೋಗಲಾಗುವುದಿಲ್ಲ. ನೀರು ಕುಡಿಯದೆ ಕೂರುತ್ತಾರೆ. ಅಡ್ಡ ಬರುವ ಕಾನೂನಿಲ್ಲ, ಇಷ್ಟು ದೊಡ್ಡ ಊರಿಗೆ ದುಡ್ಡಿಲ್ಲ ಅಂದರೆ ನಂಬುವವರಿಲ್ಲ, ಆದರೂ ಆಗುವುದಿಲ್ಲ. ಯಾಕೆ ಅಂತ ಕೇಳಿ ಕೇಳಿ ನನಗೂ ಬೇಜಾರಾಗಿದೆ.

ಮೂವರಲ್ಲಿ ಒಬ್ಬನಿಗೆ, "ಇದು ಕೋಟೆ ಕಣಪ್ಪ" ಅಂದೆ.

ಅವನು ತಿರುಗಿ, ಜಿಪ್ ಎಳೆದುಕೊಳ್ಳುತ್ತ, "ಗೊತ್ತು ಸಾರ್. ಟಾಯ್ಲೆಟ್ ಎಲ್ಲೈತೆ ಹೇಳಿ, ನಾಳೆಯಿಂದ ಅಲ್ಲಿಗೇ ಹೋಗ್ತೀನಿ" ಅಂದ.

ಮಲ್ಲಿಗೆ ಪೊಟ್ಟಣವನ್ನು ಮೂಗಿಗೆ ಹಿಡಿದುಕೊಂಡು ಬಸ್ಸು ಹತ್ತಿದೆ.