ಸೊನ್ನೆ ತೋರಿಸಿದ ಮಾತ್ರಕ್ಕೆ ಮಾಪಕ ಸರಿಯೆಂದಲ್ಲ

ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಸಿಕ್ಕಾಗಲೆಲ್ಲ ಕೇಳುವುದು ಒಂದೇ: ಉಪ್ಪಿನಂಶ ಅಳೆಯಲು ಯಾವ ಮಾಪಕ ಒಳ್ಳೆಯದು, ಬೆಲೆ ಎಷ್ಟು? ಅದು ಸರಿಯಿದೆಯೆಂದು ಹೇಗೆ ಗೊತ್ತು ಮಾಡಿಕೊಳ್ಳುತ್ತೀರಿ ಎಂದು ತಿರುಗಿ ಕೇಳಿದರೆ, ಶುದ್ಧ ನೀರಿನ ಹನಿ ಹಾಕಿ ಸೊನ್ನೆಗೆ ತಂದಿದ್ದೇನಲ್ಲ ಎನ್ನುತ್ತಾರೆ. ನನ್ನ ತಕರಾರು ಇರುವುದು ಅಲ್ಲೇ. ಖಾಲಿ ತಕ್ಕಡಿ ಸಮ ನಿಂತಿತೆಂದು ಮೀನಿನ ದಕ್ಕೆಯಲ್ಲಿ ಯಾರೂ ಅಂಜಲ್ ಮೀನು ಕೊಳ್ಳುವುದಿಲ್ಲ, ತೂಕದ ಕಲ್ಲನ್ನೂ ನೋಡುತ್ತಾರೆ.

ಸಾಗರದ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸಾಪೇಕ್ಷ ಸಾಂದ್ರತೆ, ಅಂದರೆ ಅಷ್ಟೇ ಶುದ್ಧ ನೀರಿಗೆ ಹೋಲಿಸಿದ ತೂಕ, 1.0264. ನಮಗೆ ಬೇಕಾದ ಅಂಕಿ 35 ಆಗಿರುವಾಗ ಪರೀಕ್ಷೆ ಸೊನ್ನೆಯಲ್ಲಿ ಏಕೆ? ಬೆಳಕು ಎಷ್ಟು ಬಾಗುತ್ತದೆಂದು ನೋಡಿ ಉಪ್ಪಿನಂಶ ತೋರಿಸುವ ಮಾಪಕ ರಿಫ್ರ್ಯಾಕ್ಟೋಮೀಟರ್. ಅಗ್ಗದ ಎಷ್ಟೋ ರಿಫ್ರ್ಯಾಕ್ಟೋಮೀಟರ್‌ಗಳ ಗೆರೆಗಳನ್ನು ಎಳೆದಿರುವುದು ಕಡಲ ನೀರಿಗಲ್ಲ, ಬರೀ ಸೋಡಿಯಂ ಕ್ಲೋರೈಡ್ ದ್ರಾವಣಕ್ಕೆ. ಕಡಲಿನಲ್ಲಿ ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ ಕೂಡ ಇರುವುದರಿಂದ ಅದರೊಳಗೆ ಬೆಳಕು ಬಾಗುವ ಪ್ರಮಾಣವೇ ಬೇರೆ. ಸೊನ್ನೆಯಲ್ಲಿ ಚೊಕ್ಕವಾಗಿ ನಿಲ್ಲುವ ಅಂತಹ ಮಾಪಕ, 35 ಇರುವ ಕಡಲ ನೀರನ್ನು 36.5 ಎಂದು ತೋರಿಸುತ್ತದೆ. ಅದನ್ನು ನಂಬಿ ಸಿಹಿನೀರು ಸುರಿದು 35ಕ್ಕೆ ತಂದೆ ಎಂದುಕೊಂಡವರ ಟ್ಯಾಂಕ್ ನಿಜಕ್ಕೂ 33.5ರ ಆಸುಪಾಸಿನಲ್ಲಿರುತ್ತದೆ. ಕ್ಲೌನ್ ಮೀನು ಇದಕ್ಕೆ ಸಾಯುವುದಿಲ್ಲ, ಹೆದರಿಸುವ ಉದ್ದೇಶ ನನಗಿಲ್ಲ. ಆದರೆ ಹಳೆಯ ಮಾಪಕ ಒಡೆದು ಹೊಸದು ಬಂದಾಗ ಅಂಕಿ ಬದಲಾಗುತ್ತದೆ, ಗಾಬರಿಯಲ್ಲಿ ಒಂದೇ ದಿನ ಉಪ್ಪು ಏರಿಸುತ್ತಾರೆ. ಸಿಗಡಿ ಆ ಏರಿಳಿತವನ್ನು ತಾಳುವುದಿಲ್ಲ.

ಹಾಗಾಗಿ 35ರ ಪ್ರಮಾಣಿತ ದ್ರಾವಣದ ಸಣ್ಣ ಬಾಟಲಿಯೊಂದನ್ನು ಕೊಳ್ಳಿ, ಅದರ ಹನಿ ಹಾಕಿ ಮಾಪಕವನ್ನು ಸೊನ್ನೆಗಲ್ಲ, 35ಕ್ಕೆ ತನ್ನಿ. ಸಿಗದಿದ್ದರೆ ಮನೆಯಲ್ಲೇ ಆಗುತ್ತದೆ: 36.5 ಗ್ರಾಂ ಪುಡಿ ಉಪ್ಪು, 963.5 ಗ್ರಾಂ ಆರ್‌ಒ ನೀರು. ರಿಫ್ರ್ಯಾಕ್ಟೋಮೀಟರ್‌ನ ಕಣ್ಣಿಗೆ ಇದೂ 35ರ ಕಡಲ ನೀರೂ ಒಂದೇ. ನಮ್ಮ ಕರಾವಳಿಯಲ್ಲಿ ಡಬ್ಬಿಯ ಉಪ್ಪೇ ನೀರೊಡೆಯುತ್ತದೆ, ಆದ್ದರಿಂದ ಮೊದಲು ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಆರಿಸಿ, ಆಮೇಲೆ ತೂಗಿ. ಈ ದ್ರಾವಣದಿಂದ ನೀರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರನ್ನಾಗಲಿ ವಿದ್ಯುತ್ ವಾಹಕತೆ ಅಳೆಯುವ ಪೆನ್ನನ್ನಾಗಲಿ ಪರೀಕ್ಷಿಸಬಾರದು, ಅವುಗಳ ಲೆಕ್ಕವೇ ಬೇರೆ. ಪೆನ್ನಿಗೆ 25 ಡಿಗ್ರಿಯಲ್ಲಿ ಸೆಂಟಿಮೀಟರಿಗೆ 53 ಮಿಲಿಸೀಮೆನ್ಸ್ ವಾಹಕತೆಯ ದ್ರಾವಣ ಬೇಕು.

ರಿಫ್ರ್ಯಾಕ್ಟೋಮೀಟರ್‌ನ ಪ್ರಿಸಂ ಗಾಜಿನ ಮೇಲೆ ಹನಿ ಬಿಟ್ಟು ಮುಚ್ಚಳ ಒತ್ತಿದ ಕೂಡಲೇ ಕಣ್ಣಿಗಿಡಬೇಡಿ. ಅರ್ಧ ನಿಮಿಷ ಕಾದರೆ ಹನಿ ಗಾಜಿನ ತಾಪಕ್ಕೆ ಬರುತ್ತದೆ. ನೀಲಿ ಮತ್ತು ಬಿಳಿಯ ನಡುವಿನ ಗೆರೆ ಮಸುಕು ಕಳೆದು ನೇರವಾಗುತ್ತದೆ. ಆಮೇಲೂ ಗೆರೆ ಮಸುಕಾಗಿದ್ದರೆ ಒಳಗೆ ಗಾಳಿಗುಳ್ಳೆ ಇದೆಯೇ ನೋಡಿ. ತಾಪಕ್ಕೆ ತಾನೇ ಹೊಂದಿಕೊಳ್ಳುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದು ಸಾಮಾನ್ಯವಾಗಿ 10ರಿಂದ 30 ಡಿಗ್ರಿಯವರೆಗೆ ಮಾತ್ರ. ಮೇ ತಿಂಗಳ ಮಂಗಳೂರಿನಲ್ಲಿ ಕೋಣೆಯೇ 30 ದಾಟಿರುತ್ತದೆ! ದ್ರಾವಣವನ್ನು ಟ್ಯಾಂಕಿನ ಪಕ್ಕದಲ್ಲೇ ಇಟ್ಟು, ಅದನ್ನೂ ಟ್ಯಾಂಕಿನ ನೀರನ್ನೂ ಒಂದೇ ಹೊತ್ತಿನಲ್ಲಿ ನೋಡುವುದು ಇದಕ್ಕೆ ನನಗೆ ತಿಳಿದ ಪರಿಹಾರ.

ಮುಳ್ಳು ತೂಗಾಡುವ ಪ್ಲಾಸ್ಟಿಕ್ ಹೈಡ್ರೋಮೀಟರ್ ನನಗೆ ಆಗದು. ಮುಳ್ಳಿಗೆ ಒಂದು ಗುಳ್ಳೆ ಅಂಟಿದರೂ ಅಂಕಿ ಮೇಲೇರುತ್ತದೆ, ತಿರುಗಣಿಯಲ್ಲಿ ಉಪ್ಪು ಕಟ್ಟಿದರೆ ಮುಳ್ಳು ನಿಂತಲ್ಲೇ ನಿಲ್ಲುತ್ತದೆ. ಉದ್ದನೆಯ ಗಾಜಿನದ್ದಾದರೆ ಒಪ್ಪುತ್ತೇನೆ. ಯಾವ ತಾಪಕ್ಕೆ ಮಾಡಿದ್ದೆಂದು ಅದರ ಕಾಗದದಲ್ಲೇ ಅಚ್ಚಾಗಿರುತ್ತದೆ, ಓದಿಕೊಳ್ಳಿ ಅಷ್ಟೇ.

ಪಣಂಬೂರಿನಿಂದಲೋ ಮಲ್ಪೆಯಿಂದಲೋ ಕ್ಯಾನಿನಲ್ಲಿ ನೀರು ತರುವವರು ಕಡಲ ನೀರನ್ನೂ ಅಳೆಯಬೇಕೇ ಎಂದು ನಗುತ್ತಾರೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳು ಕೆಂಪಾಗಿ ಹರಿದು ಬೆಂಗ್ರೆಯ ಬಳಿ ಕಡಲು ಸೇರುವುದನ್ನು ಅವರು ನೋಡಿಲ್ಲವೇ, ಮಾರಾಯರೇ? ಆಗ ದಡದ ನೀರು ಎಷ್ಟು ಸಪ್ಪೆಯಾಗಿರುತ್ತದೆಂದು ಕ್ಯಾನ್ ತುಂಬುವ ಮೊದಲೇ ಒಂದು ಹನಿ ಹಾಕಿ ನೋಡಲಿ.

ಕೊನೆಗೆ ಯಾವುದನ್ನು ಕೊಳ್ಳಲಿ ಎಂದು ಮತ್ತೆ ಕೇಳುವವರಿಗೆ: ಸಮುದ್ರದ ನೀರಿಗೆಂದೇ ಗೆರೆ ಎಳೆದ ಸಾದಾ ರಿಫ್ರ್ಯಾಕ್ಟೋಮೀಟರ್ ಸಾಕು. ಸುರತ್ಕಲ್‌ನಿಂದ ಉಳ್ಳಾಲದವರೆಗೆ ಯಾರ ಬಳಿಯಾದರೂ ಈಗಾಗಲೇ ಇದ್ದರೆ, ದ್ರಾವಣ ನನ್ನಲ್ಲಿದೆ. ಇನ್‌ಬಾಕ್ಸ್‌ಗೆ ಬರೆದು ಭಾನುವಾರ ಮಾಪಕ ಹಿಡಿದುಕೊಂಡು ಬನ್ನಿ. ಬರುವಾಗ ಪ್ರಿಸಂ ಮೇಲಿನ ಹಳೆಯ ಉಪ್ಪನ್ನು ಒರೆಸಿಕೊಂಡು ಬಂದರೆ ಉಪಕಾರ.