ಮಾಳಿಗೆ ಮೇಲಿನ ಹಲ್ಲು

ಬಾಗಲಕೋಟೆಯ ಹೋಳಿ ಒಂದೇ ದಿನಕ್ಕೆ ಮುಗಿಯುವ ಹಬ್ಬವಲ್ಲ. ಕಾಮಣ್ಣನನ್ನು ಸುಟ್ಟ ಮೇಲೆ ಓಣಿ ಓಣಿಯಲ್ಲಿ ಹಲಗೆ ಸದ್ದು, ಬಂಡಿಗಳ ಮೇಲೆ ಬ್ಯಾರಲ್‌ಗಟ್ಟಲೆ ಬಣ್ಣ. ಅಂಥದ್ದೊಂದು ಬಣ್ಣದ ದಿನ ನನ್ನ ಪಕ್ಕ ಮೈಮರೆತು ಹಲಗೆ ಬಾರಿಸುತ್ತಿದ್ದ ಹುಡುಗ ಗಕ್ಕನೆ ತಿರುಗಿದ. ಹಲಗೆಯ ಅಂಚು ನನ್ನ ಬಾಯಿಗೆ ಬಡಿಯಿತು. ಮೇಲಿನ ಸಾಲಿನ ಮುಂದಿನ ಹಲ್ಲು ಬುಡಸಮೇತ ಅಂಗೈಗೆ ಬಂತು.

ರಕ್ತ ಸುರಿಯುತ್ತಿತ್ತು, ನಿಜ. ಆದರೆ ಅಲ್ಲಿ ಯಾರ ಬಾಯಿ ತಾನೇ ಕೆಂಪಾಗಿರಲಿಲ್ಲ? "ಹಲ್ಲ ಹೋತೋ, ಹಲ್ಲ ಹೋತೋ" ಎಂದು ನಾನು ಕೂಗಿದ್ದನ್ನು ಹೊಸ ಹೋಳಿ ಪದ ಎಂದುಕೊಂಡು ನಾಲ್ಕಾರು ಜನ ಕುಣಿದರು. ಒಬ್ಬ ಪುಣ್ಯಾತ್ಮ ಗಾಯದ ಮೇಲೇ ಇನ್ನೊಂದು ಹಿಡಿ ಗುಲಾಲು ಒತ್ತಿ, "ಹ್ಯಾಪಿ ಹೋಳಿ ಕಾಕಾ" ಎಂದ.

ಮನೆಗೆ ಬಂದು ಹಲ್ಲನ್ನು ಕಟ್ಟೆಯ ಮೇಲಿಟ್ಟು ಬಾಯಿ ಮುಕ್ಕಳಿಸಲು ಒಳಗೆ ಹೋದೆ. ಹೊರಗೆ ಬರುವುದರೊಳಗೆ ಹಲ್ಲು ಮಾಯ.

"ಅವ್ವಾ, ಇಲ್ಲಿ ಹಲ್ಲ ಇಟ್ಟಿದ್ನೆಲ್ಲ?"

"ಮಾಳಗಿ ಮ್ಯಾಲೆ ಒಗದ್ನೆಪಾ. ಬಿದ್ದ ಹಲ್ಲ ಯಾರರೆ ಮನ್ಯಾಗ ಇಟ್ಕೋತಾರೇನು?"

ಐವತ್ತು ದಾಟಿದ ಮಗನಿಗೆ ಇನ್ನೊಂದು ಹಲ್ಲು ಹುಟ್ಟೀತೆಂಬ ಭರವಸೆ ಇಡೀ ಜಿಲ್ಲೆಯಲ್ಲಿ ಅವಳೊಬ್ಬಳಿಗೇ ಇತ್ತು.

ದಂತವೈದ್ಯರು ನನ್ನ ಬಾಯಿ ನೋಡುವ ಮೊದಲೇ ಕೇಳಿದ್ದು, "ಹಲ್ಲು ತಂದೀರೇನ್ರಿ ಸರ?" ಬುಡಸಮೇತ ಬಿದ್ದ ಹಲ್ಲನ್ನು ಬೇರಿಗೆ ಕೈ ಹಚ್ಚದೆ, ತಿಕ್ಕಿ ತೊಳೆಯದೆ, ಹಾಲಿನಲ್ಲಿ ಮುಳುಗಿಸಿಕೊಂಡು ತಾಸಿನೊಳಗೆ ತಂದರೆ, ಅರ್ಧ ತಾಸಾದರೆ ಇನ್ನೂ ಛಲೋ, ಅದನ್ನೇ ತಿರುಗಿ ಅದರ ಜಾಗದಲ್ಲಿ ಕೂಡಿಸಲು ಬರುತ್ತದಂತೆ. ಬೇರಿನ ಮೇಲಿನ ಜೀವಕೋಶಗಳು ಒಣಗಿ ಸಾಯಬಾರದು, ಅಷ್ಟೇ. ತಕ್ಷಣ ಮಗನಿಗೆ ಫೋನು ಮಾಡಿ ಮಾಳಿಗೆ ಹತ್ತಿಸಿದೆ. ಸಂಡಿಗೆ ಹಾಕುವ ಕಾಲ. ಮಾಳಿಗೆ ತುಂಬ ಹಳೇ ಸೀರೆ ಹಾಸಿ ಸಾಬೂದಾನಿ ಸಂಡಿಗೆ ಒಣಹಾಕಿದ್ದರು. ಹುಡುಗ ಬೆವರು ಸುರಿಸಿ ಹುಡುಕಿ, ಒಂದು ಲೋಟ ಹಾಲಿನಲ್ಲಿ ಜೋಪಾನವಾಗಿ ಹಿಡಿದು ತಂದ. ಡಾಕ್ಟರು ಚಿಮಟಿಗೆಯಿಂದ ಎತ್ತಿ ನೋಡಿದರು. ಸಂಡಿಗೆ.

ಆ ಸಲದ ಸಂಡಿಗೆಯನ್ನು ನನ್ನ ಹೆಂಡತಿ ಮನೆಯಲ್ಲಿ ಕರಿಯಲಿಲ್ಲ, ಬೀಗರ ಮನೆಗೆ ಕಳಿಸಿದಳು. ಬೀಗರು ಇದುವರೆಗೂ ಏನೂ ಅಂದಿಲ್ಲ.

ಹಲ್ಲಿಲ್ಲದೆಯೂ ಬದುಕಬಹುದು ಎಂಬುದು ನನ್ನ ವಾದ. ಡಾಕ್ಟರು ನಮ್ಮ ಕಡೆಯವರೇ. "ಸರ, ನವನಗರದಾಗ ನಿಮ್ಮ ಸೈಟು ಖಾಲಿ ಬಿಟ್ರ ಏನಾಗತೈತಿ?" ಎಂದರು. ಆಲಮಟ್ಟಿ ಹಿನ್ನೀರಿಗೆ ಮನೆ ಕಳೆದುಕೊಂಡು ಸೆಕ್ಟರಿಗೆ ಬಂದು ನೆಲೆಸಿದವನಿಗೆ ಇದನ್ನು ಬಿಡಿಸಿ ಹೇಳಬೇಕೇ? ಮೊದಲು ಎಡಗಡೆಯವರು ಎಮ್ಮೆ ಕಟ್ಟುತ್ತಾರೆ, ಆಮೇಲೆ ಬಲಗಡೆಯವರು ಉಸುಕು ಸುರಿಯುತ್ತಾರೆ. ಬಾಯಲ್ಲೂ ಅದೇ ನಡೆಯುತ್ತದಂತೆ. ಅಕ್ಕಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲುತ್ತವೆ, ಎದುರು ಸಾಲಿನದು ತಡೆಯಿಲ್ಲದೆ ಮೇಲೇಳುತ್ತದೆ, ಕೆಲಸವಿಲ್ಲದ ದವಡೆಯ ಎಲುಬು ಬರಬರುತ್ತಾ ಸವೆಯುತ್ತದೆ. ಆಚೀಚಿನ ಹಲ್ಲುಗಳ ಆಸರೆಯಲ್ಲಿ ನಡುವೆ ಹಲ್ಲು ಕೂಡಿಸುವ ಬ್ರಿಡ್ಜ್ ಮಾಡಿಸಿದರೆ ಆ ಗಟ್ಟಿ ಹಲ್ಲುಗಳನ್ನೂ ತಿಕ್ಕಿ ಸಣ್ಣ ಮಾಡಬೇಕು. ಇಂಪ್ಲಾಂಟ್, ಅಂದರೆ ದವಡೆಯ ಎಲುಬಿಗೆ ಸ್ಕ್ರೂ ಕೂಡಿಸಿ ಅದರ ಮೇಲೆ ಹಲ್ಲಿನಾಕಾರದ ಕ್ಯಾಪ್ ಹಾಕುವುದು, ಆದರೆ ಆ ಜಾಗದಲ್ಲಷ್ಟೇ ಪಾಯಾ ತೋಡಿದರೆ ಸಾಕು.

ರೇಟು ಕೇಳಿ ನನ್ನ ಉಳಿದ ಹಲ್ಲುಗಳೂ ಅಲುಗಾಡಿದವು. ನಾನು ವಿಮಾ ಏಜೆಂಟ್. ಮೆಡಿಕ್ಲೇಮಿನಲ್ಲಿ ಹಲ್ಲಿನ ಖರ್ಚು ಸಾಮಾನ್ಯವಾಗಿ ಸಿಗುವುದಿಲ್ಲ, ಅಪಘಾತವಾಗಿ ಆಸ್ಪತ್ರೆ ಸೇರಿದ್ದರೆ ಮಾತ್ರ ಎಂಬ ಸಾಲನ್ನು ಗಿರಾಕಿಗಳಿಗೆ ಓದಿ ಹೇಳುವುದೇ ನನ್ನ ಉದ್ಯೋಗ. ಹಲಗೆ ಬಡಿದದ್ದು ಅಪಘಾತವೇ. ಆದರೆ ನಾನು ಆಸ್ಪತ್ರೆ ಸೇರದೆ ಡಾಕ್ಟರ ಕುರ್ಚಿಯಲ್ಲಿ ಕೂತು ಫೋನಿನಲ್ಲೇ ಮಗನಿಗೆ ಮಾಳಿಗೆಯ ದಿಕ್ಕು ತೋರಿಸುತ್ತಿದ್ದೆ.

ಸ್ಕ್ರೂ ಕೂಡಿಸುವ ದಿನ ಬಾಯಿಗೆ ಜೋಮು ಬರುವ ಇಂಜೆಕ್ಷನ್ ಕೊಟ್ಟು, ನಾನು ತಿರುಗಿ ಮಾತಾಡಲಾರೆ ಎಂದು ಖಾತ್ರಿಯಾದ ಮೇಲೆ ಡಾಕ್ಟರು ಇತಿಹಾಸ ತೆಗೆದರು. 1952ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವೈದ್ಯ ಮೊಲದ ಕಾಲೆಲುಬಿನೊಳಗೆ ಟೈಟಾನಿಯಂ ಉಪಕರಣ ಕೂಡಿಸಿ ರಕ್ತ ಹೇಗೆ ಹರಿಯುತ್ತದೆಂದು ನೋಡುತ್ತಿದ್ದರಂತೆ. ಕೆಲಸ ಮುಗಿದು ತೆಗೆಯಲು ಹೋದರೆ ಎಲುಬು ಬಿಡಲೊಲ್ಲದು. ಲೋಹಕ್ಕೆ ಅಂಟಿಕೊಂಡೇ ಬೆಳೆದಿತ್ತು. 1965ರಲ್ಲಿ ಅದನ್ನೇ ಮನುಷ್ಯನ ದವಡೆಗೆ ಹಾಕಿದರು. ಆ ಮೊದಲ ರೋಗಿ 2006ರಲ್ಲಿ ತೀರಿಕೊಳ್ಳುವವರೆಗೂ ಸ್ಕ್ರೂ ಅಲುಗಲಿಲ್ಲ. ನಲವತ್ತು ವರ್ಷ! ನಾನು ಮಾರುವ ಬಹಳಷ್ಟು ಪಾಲಿಸಿಗಳ ಅವಧಿ ಇದರ ಅರ್ಧವೂ ಇಲ್ಲ. ಮೊಲ ಏನಾಯಿತೆಂದು ಕೇಳಬೇಕೆಂದುಕೊಂಡೆ, ನಾಲಿಗೆ ಹೊರಳಲಿಲ್ಲ.

ಎಲುಬು ಸ್ಕ್ರೂವನ್ನು ಹಿಡಿದುಕೊಳ್ಳಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಹಾಕಿ ತೆಗೆಯುವ ಒಂದು ಹಲ್ಲು ಕೊಟ್ಟರು. ಅದು ತಯಾರಾಗುವ ತನಕ 'ಸ' ಬಂದಲ್ಲೆಲ್ಲ ಸೀಟಿ. ನನ್ನ ಧಂದೆಯಲ್ಲಿ ಸಮ್ ಅಶ್ಯೂರ್ಡ್, ಸರೆಂಡರ್, ಸಹಿ, ಸಾವು, ಎಲ್ಲವೂ ಅದೇ ಅಕ್ಷರದಿಂದ. ಬೀಳಗಿಯ ಗೌಡರೊಬ್ಬರು ಕಣ್ಣೀರು ಬರುವಷ್ಟು ನಕ್ಕು, "ಸಾಯೂ ಮಾತು ಇಷ್ಟ ಛಂದಾಗಿ ಯಾರೂ ಹೇಳಿದ್ದಿಲ್ಲ ಬಿಡ್ರಿ. ಇನ್ನೊಮ್ಮೆ ಹೇಳ್ರಿ" ಎಂದು ಮನೆಮಂದಿಯನ್ನೆಲ್ಲ ಕರೆದರು. ಪಾಲಿಸಿ ಮಾತ್ರ ಮಾಡಿಸಲಿಲ್ಲ.

ತಾತ್ಕಾಲಿಕ ಹಲ್ಲು ಬಂದ ಮೇಲೆ ಧೈರ್ಯದಿಂದ ಒಂದು ಮನೆಗೆ ಹೋದೆ. ಅಮೀನಗಡದ ಕರದಂಟು ಇಟ್ಟರು. ಒಲ್ಲೆ ಎನ್ನಲು ಬಾರದು, ಪ್ರೀಮಿಯಂ ದೊಡ್ಡದಿತ್ತು. ಕಚ್ಚಿದೆ, ಎಳೆದೆ. ಕರದಂಟು ಕೈಗೆ ಬಂತು, ಅದರ ಜೊತೆ ಹಲ್ಲೂ ಬಂತು. ಮನೆಯ ಸಣ್ಣ ಹುಡುಗಿ ಹತ್ತಿರ ಬಂದು ಬಗ್ಗಿ ನೋಡಿ, "ಅವ್ವಾ, ಕಾಕಾಗ ಹಾಕಿದ್ರಾಗ ಗೋಡಂಬಿ ಭಾಳ ದೊಡ್ಡದೈತಿ, ನಂಗೂ ಅಂಥಾದ್ದ ಬೇಕು" ಎಂದು ರಚ್ಚೆ ಹಿಡಿಯಿತು.

ಕೊನೆಗೆ ಕ್ಯಾಪಿನ ಬಣ್ಣ ಆರಿಸುವ ದಿನ. ಡಾಕ್ಟರ ಹತ್ತಿರ ಹದಿನಾರು ನಮೂನೆಯ ಹಲ್ಲು ಪೋಣಿಸಿದ ಪಟ್ಟಿ ಇರುತ್ತದೆ, ಎ 1ರಿಂದ ಡಿ 4ರ ತನಕ. ಇಷ್ಟು ರೊಕ್ಕ ಕೊಡುವಾಗ ಎಲ್ಲಕ್ಕಿಂತ ಬೆಳ್ಳಗಿನದೇ ಇರಲಿ ಎಂದು ನಾನು. ಹೆಂಡತಿಯ ತವರು ಇಳಕಲ್. ಸೀರೆಗೆ ಸೆರಗು ಹೊಂದಿಸುವ ಊರಿನಲ್ಲಿ ಬೆಳೆದವಳು ಸುಮ್ಮನಿರುತ್ತಾಳೆಯೇ? ಪಟ್ಟಿಯನ್ನು ಕಸಿದುಕೊಂಡು, ನನ್ನನ್ನೂ ಬಾಗಿಲಿಗೆ ಎಳೆದು ತಂದು, "ಲೈಟಿನ ಬೆಳಕಿನ್ಯಾಗ ಬಣ್ಣ ನೋಡಬಾರದ್ರಿ. ಬಾಯಿ ತಗೀರಿ" ಎಂದಳು. ಹಗಲ ಬೆಳಕಿನಲ್ಲಿ ನೋಡುವುದೇ ಸರಿಯೆಂದು ಡಾಕ್ಟರೂ ಒಪ್ಪಿದರು. ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನನ್ನ ಬಾಯಿ ನೋಡುತ್ತಿದ್ದರು. ಡಾಕ್ಟರು ಎ 3 ಎಂದರು. "ಚಾ ಕುಡದು ಕುಡದು ಇವರ ಹಲ್ಲು ಅದಕ್ಕಿಂತ ಮಬ್ಬು ಅದಾವ್ರಿ. ನಡುವ ಒಂದ ಬೆಳ್ಳಗ ಕಂಡ್ರ ಖೊಟ್ಟಿ ಅಂತ ಊರಿಗೆ ಗೊತ್ತಾಗತೈತಿ" ಎಂದು ವಾದಿಸಿ ಎ 3.5ಕ್ಕೆ ಇಳಿಸಿದಳು. ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ಗಟ್ಟಿ ವಸ್ತುವಿನ ಕ್ಯಾಪಿಗೆ ರೇಟು ಪೂರ್ತಿ ಕೊಟ್ಟು ಹಳದಿ ಹಲ್ಲು ಕೊಂಡುಕೊಂಡೆ.

ಈಗ ಸೀಟಿ ನಿಂತಿದೆ. ಖಡಕ್ ರೊಟ್ಟಿಯನ್ನು ಮುಂದಿನ ಹಲ್ಲಿನಿಂದ ಮುರಿಯಬೇಡಿ, ಕೈಯಿಂದ ಮುರಿದು ದವಡೆಗೆ ಹಾಕಿ ಎಂದಿದ್ದಾರೆ, ಹಾಗೇ ಮಾಡುತ್ತಿದ್ದೇನೆ. ಕ್ಯಾಪ್ ಕೂಡಿಸಿದ ದಿನವೇ ಕುರ್ಚಿಯಿಂದ ಇಳಿಯದೆ, ಒಂದೇ ಒಂದು ಅಕ್ಷರ ಸೋರದಂತೆ ಸಮ್ ಅಶ್ಯೂರ್ಡ್ ವಿವರಿಸಿ, ಡಾಕ್ಟರಿಗೇ ಒಂದು ಪಾಲಿಸಿ ಮಾರಿದೆ. ಅದರ ಕಮಿಷನ್ನು ಸ್ಕ್ರೂವಿಗೂ ಪೂರಾ ಸಾಲಲಿಲ್ಲ. ಕ್ಯಾಪಿನ ಬಾಬ್ತಿಗೆ ಅವರ ಕಂಪೌಂಡರನ್ನು ಹಿಡಿದಿದ್ದೇನೆ. ಅವನು ಹೂಂ ಅಂದಿದ್ದಾನೆ, ಆದರೆ ನಾಮಿನಿ ಹೆಸರಿನ ಜಾಗ ಖಾಲಿ ಬಿಟ್ಟಿದ್ದಾನೆ. ಮೊದಲು ನೀವೇ ಒಂದು ಕನ್ಯಾ ನೋಡಿ ಕೊಡ್ರಿ ಸರ, ಆಮೇಲೆ ಸಹಿ ಮಾಡತೀನಿ ಅನ್ನುತ್ತಾನೆ.